ದಾನ ಯಾರಿಗೆ ಕೊಡೋಣ? ಗಿರಾಕಿಗಳನ್ನು ಕೇಳುವ ಮುಂಚೆ ಅಂಗಡಿಯವರು ತೂಗಿ ನೋಡಬೇಕಾದ ದಾರಿಗಳು

ವ್ಯಾಪಾರದ ದುಡ್ಡಿನಲ್ಲಿ ಒಂದು ಪಾಲನ್ನು ಒಳ್ಳೆಯ ಕೆಲಸಕ್ಕೆ ಎತ್ತಿಡುವುದು ನಮ್ಮಲ್ಲಿ ಹೊಸದೇನಲ್ಲ. ಮಂಡಿಗಳಲ್ಲಿ ಬಿಲ್ಲಿನ ಕೊನೆಗೆ ‘ಧರ್ಮಾದಾಯ’ ಅಂತ ಒಂದು ಸಾಲು ಇರುತ್ತಿತ್ತು. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಹುಂಡಿ ಇರುತ್ತಿತ್ತು. ಆದರೆ ಆ ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಯಜಮಾನರು. ಈಗ ಎಷ್ಟೋ ಸಣ್ಣ ಅಂಗಡಿಗಳು ಆ ತೀರ್ಮಾನವನ್ನು ಗಿರಾಕಿಗಳ ಕೈಗೆ ಕೊಡಲು ನೋಡುತ್ತಿವೆ. “ಈ ಸಲ ಯಾರಿಗೆ ಕೊಡೋಣ, ನೀವೇ ಹೇಳಿ” ಅಂತ ಕೇಳುವುದು ಚೆಂದ. ಆದರೆ ಕೇಳುವ ಬಗೆ ಹತ್ತಾರಿವೆ. ಎಲ್ಲವೂ ಎಲ್ಲ ಅಂಗಡಿಗೂ ಹೊಂದುವುದಿಲ್ಲ.

ನಮ್ಮದು ಬೆಂಗಳೂರಿನ ಒಂದು ಹಳೆ ಬಡಾವಣೆಯ ಕಾಫಿಪುಡಿ ಅಂಗಡಿ. ಬೀಜ ಹುರಿದು, ಗಿರಾಕಿಯ ಎದುರಿಗೇ ಪುಡಿ ಮಾಡಿ, ಅವರು ಹೇಳಿದಷ್ಟು ಚಿಕೋರಿ ಬೆರೆಸಿ ಕೊಡುತ್ತೇವೆ. ಇಂಥ ಅಂಗಡಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ. ಬಂದವರೇ ಮತ್ತೆ ಮತ್ತೆ ಬರುತ್ತಾರೆ. ಮಿಷನ್ ತಿರುಗುವಷ್ಟು ಹೊತ್ತು ಕೌಂಟರ್ ಮುಂದೆ ನಿಂತಿರುತ್ತಾರೆ. ಗೋಡೆ ಮೇಲಿನ ಚೀಟಿ ಓದಲು, ಎರಡು ಮಾತು ಕೇಳಲು ಅವರಿಗೆ ಬಿಡುವಿದೆ. ಮೆಡಿಕಲ್ ಸ್ಟೋರಿನಲ್ಲಿ ಆ ಬಿಡುವು ಇರುವುದಿಲ್ಲ, ಅಲ್ಲಿ ಬರುವವರ ಮನಸ್ಸು ಬೇರೆ ಕಡೆ ಇರುತ್ತದೆ. ಹಾರ್ಡ್‌ವೇರ್ ಅಂಗಡಿಗೆ ಒಬ್ಬರೇ ಗಿರಾಕಿ ಮನೆ ಕಟ್ಟಿಸುವಾಗ ದಿನಾ ಬಂದು, ಆಮೇಲೆ ವರ್ಷಗಟ್ಟಲೆ ಬರುವುದೇ ಇಲ್ಲ. ಹಾಗಾಗಿ ಕೆಳಗೆ ಹೇಳುವುದನ್ನು ನಿಮ್ಮ ಕೌಂಟರಿಗೆ ಹೊಂದಿಸಿಕೊಂಡು ಓದಿ.

ಒಂದು ಮಾತನ್ನು ಮಾತ್ರ ಎಲ್ಲರೂ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗಿರಾಕಿಯನ್ನು ಕೇಳಿದ ಕ್ಷಣದಿಂದ ಅದು ನಾವು ಕೊಟ್ಟ ಮಾತಾಗುತ್ತದೆ. ಆದ್ದರಿಂದ ಯಾವ ದಾರಿ ನೋಡಿದರೂ ನಾನು ಕೇಳುವುದು ಒಂದೇ: ನಾವು ಹೇಳಿದ್ದನ್ನು ಮಾಡಿದೆವಾ ಇಲ್ಲವಾ ಅಂತ ಗಿರಾಕಿ ತಾನೇ ಲೆಕ್ಕ ಹಾಕಿ ನೋಡಬಹುದಾ?

ಮೊದಲು, ದುಡ್ಡು ಯಾರದು?

ಇಲ್ಲಿ ಎರಡು ದಾರಿ. ಅಂಗಡಿ ತನ್ನ ಕೈಯಿಂದ ಕೊಡುವುದು, ಅಥವಾ ಗಿರಾಕಿಗಳಿಂದ ಕೂಡಿಸಿ ಕೊಡುವುದು. ಇವೆರಡನ್ನೂ ಕಲಸಬೇಡಿ. ಗಿರಾಕಿ ಹಾಕಿದ ದುಡ್ಡನ್ನು ಅಂಗಡಿಯ ಹೆಸರಿನಲ್ಲಿ ಕೊಟ್ಟು ಅಂಗಡಿಯೇ ರಸೀದಿ ತೆಗೆದುಕೊಂಡರೆ, ಅದು ಅವರ ದಾನವನ್ನು ನಮ್ಮದು ಅಂತ ಹೇಳಿಕೊಂಡಂತೆ.

ಅಂಗಡಿಯ ದುಡ್ಡು ಅಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತು “ಲಾಭದಲ್ಲಿ ಇಷ್ಟು ಪರ್ಸೆಂಟ್”. ಇದು ನನಗೆ ಹಿಡಿಸುವುದಿಲ್ಲ. ಲಾಭ ಎಷ್ಟು ಅಂತ ನಮ್ಮ ಆಡಿಟರಿಗೆ ಗೊತ್ತು, ಗಿರಾಕಿಗೆ ಹೇಗೆ ಗೊತ್ತಾಗಬೇಕು? “ಮಾರಾಟದಲ್ಲಿ ಇಷ್ಟು ಪರ್ಸೆಂಟ್” ಅನ್ನುವುದು ಅದಕ್ಕಿಂತ ವಾಸಿ. ಆದರೆ ಕಾಫಿಯಂಥ ಪದಾರ್ಥದಲ್ಲಿ ಅದೂ ಕಷ್ಟವೇ. 2024ರ ಕೊನೆಗೆ ಮತ್ತು 2025ರಲ್ಲಿ ಕಾಫಿ ಬೀಜದ ಬೆಲೆ ದಾಖಲೆ ಮಟ್ಟಕ್ಕೆ ಏರಿತು. ಪುಡಿಯ ಬೆಲೆ ಏರಿದರೂ ನಮ್ಮ ಕೈಗೆ ಉಳಿಯುವುದು ಅದೇ ಲೆಕ್ಕದಲ್ಲಿ ಏರಲಿಲ್ಲ. ಪರ್ಸೆಂಟ್ ಮಾತು ಕೊಟ್ಟಿದ್ದ ಅಂಗಡಿ ಅಂಥ ವರ್ಷದಲ್ಲಿ ಜಾಸ್ತಿ ಕೊಡಬೇಕಾಗುತ್ತದೆ, ಉಳಿಯುವುದು ಮಾತ್ರ ಕಡಿಮೆ.

ನನ್ನ ಆಯ್ಕೆ ತೂಕಕ್ಕೆ ಇಷ್ಟು, ಬಿಲ್ಲಿಗೆ ಇಷ್ಟು ಅನ್ನುವ ಲೆಕ್ಕ. ಕೆಜಿಗೆ 5 ರೂಪಾಯಿ ಅಂತ ಬೋರ್ಡ್ ಹಾಕಿದರೆ ಅರ್ಧ ಕೆಜಿ ಕೊಂಡವರಿಗೆ ತಮ್ಮ ಪಾಲು ಎರಡೂವರೆ ರೂಪಾಯಿ ಅಂತ ತಕ್ಷಣ ಗೊತ್ತಾಗುತ್ತದೆ. 1983ರಲ್ಲಿ ಅಮೆರಿಕದಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಸ್ಟ್ಯಾಚ್ಯೂ ಆಫ್ ಲಿಬರ್ಟಿಯ ದುರಸ್ತಿಗೆ ದುಡ್ಡು ಕೂಡಿಸಿದ್ದು ಇದೇ ಬಗೆಯಲ್ಲಿ. ಕಾರ್ಡ್ ಬಳಸಿದ ಪ್ರತಿ ಸಲಕ್ಕೆ ಒಂದು ಸೆಂಟ್, ಹೊಸ ಕಾರ್ಡಿಗೆ ಒಂದು ಡಾಲರ್. ಹಾಗೆ 17 ಲಕ್ಷ ಡಾಲರ್ ಆಯಿತು. ಅದು ದೊಡ್ಡ ಕಂಪನಿ, ನಮ್ಮ ಗಾತ್ರದ ಮಾತಲ್ಲ. ಆದರೆ ಲೆಕ್ಕ ಎಷ್ಟು ಸರಳ ನೋಡಿ. ಯಾರಿಗೆ ಬೇಕಾದರೂ ಅರ್ಥವಾಗುತ್ತದೆ.

ವ್ಯಾಪಾರ ಏರುಪೇರಾಗುವ ಅಂಗಡಿಗೆ, ಹೊಸದಾಗಿ ತೆರೆದ ಅಂಗಡಿಗೆ ಇದಕ್ಕಿಂತ ಒಳ್ಳೆಯದು ನಿಗದಿ ಮೊತ್ತ. ಮೂರು ತಿಂಗಳಿಗೆ 10,000 ಅಂತ ಮೊದಲೇ ಹೇಳಿಬಿಡುವುದು. ನೋಡಲು ಸಾದಾ, ಆದರೆ ಮಾತು ತಪ್ಪುವ ಭಯ ಕಡಿಮೆ.

ಇನ್ನು ಗಿರಾಕಿಗಳ ದುಡ್ಡು. ಕೌಂಟರ್ ಮೇಲಿನ ಚಿಲ್ಲರೆ ಡಬ್ಬ ಯುಪಿಐ ಬಂದ ಮೇಲೆ ಬಡವಾಗಿದೆ. ಚಿಲ್ಲರೆಯೇ ಕೈಗೆ ಬರುವುದಿಲ್ಲ ಅಂದಮೇಲೆ ಡಬ್ಬಕ್ಕೆ ಏನು ಬೀಳುತ್ತದೆ? ಕೆಲವರು 347 ರೂಪಾಯಿ ಬಿಲ್ಲನ್ನು 350 ಮಾಡಿ, 3 ರೂಪಾಯಿಯನ್ನು ದಾನಕ್ಕೆ ಎತ್ತಿಡುತ್ತಾರೆ. ಕೇಳಿ ಮಾಡಿದರೆ ತಪ್ಪೇನಿಲ್ಲ. ಆದರೆ ಹಿಂದೆ ನಾಲ್ಕು ಜನ ನಿಂತಿರುವಾಗ “ಮೂರು ರೂಪಾಯಿ ದಾನಕ್ಕೆ ಕೊಡ್ತೀರಾ ಮೇಡಂ?” ಅಂತ ಕೇಳಿದರೆ ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಸಂಕೋಚಕ್ಕೆ ಕೊಟ್ಟ ದುಡ್ಡು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಧರ್ಮಾದಾಯದ ಸಾಲಿಗೆ ಕಾನೂನಿನ ಬಲವಾದ ಇತಿಹಾಸವೇ ಇದೆ. ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ, 1970ರ ದಶಕದ ಕೊನೆಗೆ, ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿತು. ಗಿರಾಕಿಗಳು ಸರಕಿನ ಬೆಲೆಯ ಜೊತೆ ಧರ್ಮಾದಾಯ ಅಂತ ಕೊಟ್ಟ ಹಣ ಮಿಲ್ಲಿನ ಆದಾಯವಲ್ಲ, ಅದು ದಾನಕ್ಕೇ ಕಟ್ಟುಬಿದ್ದ ಹಣ ಅಂತ. ಅಂದರೆ ಅಂಥ ದುಡ್ಡು ಒಂದು ದಿನವೂ ನಮ್ಮದಲ್ಲ. ಈ ದಾರಿ ಹಿಡಿಯುವವರು ಅದಕ್ಕೇ ಬೇರೆ ಲೆಕ್ಕ, ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆ ಇಡಬೇಕು. ಬಿಲ್ಲಿನಲ್ಲಿ ಸಾಲು ಸೇರಿಸುವ ಮುಂಚೆ ಆಡಿಟರನ್ನೂ ಕೇಳಬೇಕು.

ಇಷ್ಟೆಲ್ಲ ತಲೆನೋವು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಗಿರಾಕಿಗಳ ಓಟಿನಲ್ಲಿ ಗೆದ್ದ ಸಂಸ್ಥೆಯ ಕ್ಯೂಆರ್ ಕೋಡನ್ನೇ ಕೌಂಟರ್ ಮೇಲೆ ಇಡುವುದು. ಕೊಡಬೇಕು ಅನಿಸಿದವರು ನೇರವಾಗಿ ಅವರಿಗೇ ಹಾಕುತ್ತಾರೆ, ನಮ್ಮ ಕೈಗೆ ದುಡ್ಡೇ ತಾಗುವುದಿಲ್ಲ. ಕೋಡನ್ನು ಸಂಸ್ಥೆಯಿಂದಲೇ ಕೇಳಿ ಪಡೆಯಿರಿ. ಒಂದು ರೂಪಾಯಿ ಕಳಿಸಿ, ಯಾರ ಹೆಸರು ಬರುತ್ತದೆ ಅಂತ ನೋಡಿ. ಅಂಗಡಿ ಕೈಯಿಂದ ನಿಗದಿ ಮೊತ್ತ, ಗಿರಾಕಿಗಳಿಗೆ ಈ ಕೋಡ್. ಎರಡೂ ಒಟ್ಟಿಗೆ ಚೆನ್ನಾಗಿ ನಡೆಯುತ್ತವೆ.

ಡಬ್ಬದ ಮೇಲೆ ಯಾರ ಹೆಸರು?

ಗಿರಾಕಿಗಳು ಓಟು ಹಾಕಲು ಒಂದೊಂದು ಸಂಸ್ಥೆಗೆ ಒಂದೊಂದು ಡಬ್ಬ ಇಡುತ್ತೇವೆ ಅಂದುಕೊಳ್ಳಿ. ಅತಿ ಹೆಚ್ಚು ಯೋಚನೆ ಬೇಕಾದ ಜಾಗ ಇದು. ಓಟು ಹೇಗೆ ಹಾಕಿಸಿದರೂ ಪಟ್ಟಿ ಸರಿ ಇಲ್ಲದಿದ್ದರೆ ಎಲ್ಲ ವ್ಯರ್ಥ.

ಪಟ್ಟಿಯನ್ನು ಪೂರ್ತಿ ಗಿರಾಕಿಗಳಿಗೇ ಬಿಡಬಹುದಾ? “ಯಾವ ಸಂಸ್ಥೆ ಬೇಕೋ ಬರೆದು ಹಾಕಿ” ಅಂತ? ಹಾಗೆ ಬಿಟ್ಟರೆ ಒಳ್ಳೊಳ್ಳೆಯ ಹೆಸರು ಬರುತ್ತವೆ. ಜೊತೆಗೆ ಭಾವಮೈದುನನ ಟ್ರಸ್ಟ್, ಜಾತಿ ಸಂಘ, ವಾರ್ಡಿನ ಮುಖಂಡರ ಹೆಸರಿನ ಬಳಗ, ಬೀದಿಯ ಗಣೇಶೋತ್ಸವ ಎಲ್ಲ ಬರುತ್ತವೆ. ಆಮೇಲೆ ದಿನಾ ಮುಖ ನೋಡುವ ಜನಕ್ಕೆ ಬೇಡ ಅನ್ನಬೇಕಾಗುತ್ತದೆ. ಅದರ ಬದಲು ಹೆಸರು ಸೂಚಿಸಲು ಎಲ್ಲರಿಗೂ ಅವಕಾಶ ಕೊಡಿ, ಆದರೆ ನಿಯಮವನ್ನು ಮೊದಲೇ ಗೋಡೆಗೆ ಅಂಟಿಸಿ. ಆಗ “ಯಜಮಾನ್ರೇ, ನಮ್ಮ ಸಂಘಕ್ಕೂ ಒಂದು ಡಬ್ಬ ಇಡ್ರಿ” ಅಂತ ಹಿರಿಯರೊಬ್ಬರು ಕೇಳಿದರೆ “ಖಂಡಿತ ನೋಡ್ತೀನಿ ಸಾರ್, ನೋಂದಣಿ ಕಾಗದ, ಹೋದ ವರ್ಷದ ಆಡಿಟ್ ರಿಪೋರ್ಟ್ ತಂದುಕೊಡಿ” ಅನ್ನಬಹುದು. ಯಾರಿಗೂ ಬೇಜಾರಿಲ್ಲ.

ನಿಯಮ ಬರೆಯುವಾಗ ಒಂದು ಎಚ್ಚರಿಕೆ. “ಧಾರ್ಮಿಕ ಸಂಸ್ಥೆಗಳು ಬೇಡ” ಅಂತ ಒಂದೇ ಏಟಿಗೆ ಬರೆದರೆ ಕರ್ನಾಟಕದಲ್ಲಿ ಅನ್ಯಾಯವಾಗುತ್ತದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಉಚಿತವಾಗಿ ಸಿಗುತ್ತಿದೆ. ನಡೆಸುವವರು ಯಾರು ಅನ್ನುವುದಕ್ಕಿಂತ ನಮ್ಮ ದುಡ್ಡು ಯಾವ ಕೆಲಸಕ್ಕೆ ಹೋಗುತ್ತದೆ ಅನ್ನುವುದನ್ನು ನೋಡಿ. ಜಾತಿ, ಧರ್ಮ ಕೇಳದೆ ಎಲ್ಲರಿಗೂ ಸಿಗುವ ಸೇವೆ ಆಗಿರಬೇಕು ಅಂತ ಬರೆದರೆ ಸಾಕು. ರಾಜಕೀಯ ಪಕ್ಷ ಬೇಡ ಅನ್ನುವುದನ್ನು ಮಾತ್ರ ಖಡಾಖಂಡಿತವಾಗಿ ಬರೆಯಿರಿ.

ಇನ್ನು ದೊಡ್ಡ ಸಂಸ್ಥೆಯಾ, ಸಣ್ಣದಾ? ಅಕ್ಷಯಪಾತ್ರ 2000ದಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುತ್ತಾ ಶುರುವಾಯಿತು. ಈಗ ಅದು ಹಲವು ರಾಜ್ಯಗಳಲ್ಲಿ ಲಕ್ಷಾಂತರ ಮಕ್ಕಳಿಗೆ ಉಣಬಡಿಸುತ್ತಿದೆ. ಹೆಸರು ಹೇಳಿದ ತಕ್ಷಣ ಗಿರಾಕಿಗೆ ಗೊತ್ತಾಗುತ್ತದೆ, ರಸೀದಿ ಚಕಚಕ ಬರುತ್ತದೆ, ಲೆಕ್ಕಪತ್ರ ಎಲ್ಲರಿಗೂ ಸಿಗುವಂತಿರುತ್ತದೆ. ಇವು ದೊಡ್ಡ ಸಂಸ್ಥೆಯ ಗುಣಗಳು. ಆದರೆ ಅಲ್ಲಿ ನಮ್ಮ 10,000 ದೊಡ್ಡ ಹೊಳೆಗೆ ಸೇರಿಹೋಗುತ್ತದೆ. ಅದೇ ದುಡ್ಡು ಪಕ್ಕದ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋದರೆ ಗ್ರಂಥಾಲಯದ ಕಪಾಟು ತುಂಬುತ್ತದೆ, ಗಿರಾಕಿ ಅದನ್ನು ಹೋಗಿ ನೋಡಬಹುದು. ಸರ್ಕಾರಿ ಶಾಲೆಗೆ ಕೊಡುವುದಾದರೆ ಹೆಡ್‌ಮಾಸ್ಟರ ಜೊತೆಗೂ ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರ ಜೊತೆಗೂ ಮಾತಾಡಿ. ದುಡ್ಡಿನ ಬದಲು ಅವರು ಬರೆದುಕೊಟ್ಟ ಪಟ್ಟಿಯಂತೆ ಸಾಮಾನು ಕೊಡುವುದು ಸಲೀಸು. ಆದರೆ ಸಾಮಾನಿನ ರೂಪದ ದಾನಕ್ಕೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದು ಗೊತ್ತಿರಲಿ.

ಈ ಎರಡರ ನಡುವೆ ಒಂದು ಗಾತ್ರ ಇದೆ. ಸಣ್ಣ ಅಂಗಡಿಗೆ ಅದೇ ಅತ್ಯುತ್ತಮ ಅಂತ ನನಗೆ ಅನಿಸುತ್ತದೆ. ಊರಿನಲ್ಲೇ ಇರುವ, ವರ್ಷಗಳಿಂದ ಒಂದೇ ಕೆಲಸ ಮಾಡುತ್ತಾ ಬಂದಿರುವ ಸಂಸ್ಥೆಗಳು. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಅದರ ಟ್ರಸ್ಟ್ 1994ರಲ್ಲಿ ಆಯಿತು, ಆಶ್ರಯಧಾಮ 1999ರಲ್ಲಿ ತೆರೆಯಿತು. ದೃಷ್ಟಿ ಇಲ್ಲದವರಿಗಾಗಿ ಮತ್ತು ಬೇರೆ ಅಂಗವಿಕಲರಿಗಾಗಿ 1997ರಿಂದ ದುಡಿಯುತ್ತಿರುವ ಸಮರ್ಥನಂ ಇದೆ. ಪ್ರಾಣಿಗಳಿಗಾಗಿ 1991ರಲ್ಲಿ ಶುರುವಾದ ಕ್ಯೂಪಾ ಇದೆ. ಮೈಸೂರು ಕಡೆಯವರಿಗೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಗೊತ್ತಿರುತ್ತದೆ. 1984ರಲ್ಲಿ ಮೈಸೂರಿನ ಮೆಡಿಕಲ್ ವಿದ್ಯಾರ್ಥಿಗಳು ಕಟ್ಟಿದ್ದು, ಹೆಗ್ಗಡದೇವನಕೋಟೆ ಕಡೆಯ ಕಾಡಿನ ಜನರ ನಡುವೆ ಬೆಳೆದದ್ದು. ಇವನ್ನೇ ಆರಿಸಿ ಅಂತ ನಾನು ಹೇಳುತ್ತಿಲ್ಲ. ಈ ಬಗೆಯವು ನಿಮ್ಮ ಊರಿನಲ್ಲೂ ಇರುತ್ತವೆ, ಹುಡುಕಿ.

ಈಗ ಮುಖ್ಯವಾದ ಸಂಗತಿ. ಕರುಣಾಶ್ರಯದಂಥ ಸಂಸ್ಥೆ, ಮಕ್ಕಳ ಊಟದ ಸಂಸ್ಥೆ, ನಾಯಿಮರಿಗಳ ಆಸ್ಪತ್ರೆ ಮೂರನ್ನೂ ಪಕ್ಕಪಕ್ಕ ಇಟ್ಟು ಓಟು ಹಾಕಿಸಿದರೆ ಏನಾಗುತ್ತದೆ? ಮಕ್ಕಳ ಕಡೆ, ನಾಯಿಮರಿಗಳ ಕಡೆ ಮನಸ್ಸು ಬೇಗ ಹರಿಯುತ್ತದೆ. ಸಾವಿನ ಹತ್ತಿರ ಇರುವವರ ಸೇವೆ, ಮಾನಸಿಕ ಕಾಯಿಲೆ, ಕುಡಿತ ಬಿಡಿಸುವ ಕೇಂದ್ರ, ಜೈಲಿನಿಂದ ಹೊರಬಂದವರ ಪುನರ್ವಸತಿ, ಇವು ಹಿಂದೆ ಬೀಳುತ್ತವೆ. ಅಲ್ಲಿನ ಕೆಲಸ ಕಡಿಮೆ ಮುಖ್ಯ ಅಂತಲ್ಲ. ಕೌಂಟರ್ ಮುಂದೆ ನಿಂತ ಎರಡು ನಿಮಿಷದಲ್ಲಿ ಯಾರೂ ಅದನ್ನು ನೆನೆಯಲು ಇಷ್ಟಪಡುವುದಿಲ್ಲ, ಅಷ್ಟೇ. ಅದಕ್ಕೆ ಗಿರಾಕಿಗಳನ್ನು ದೂರಬಾರದು. ಪಟ್ಟಿ ಮಾಡಿದ ನಾವು ಅದನ್ನು ಸರಿಮಾಡಬೇಕು.

ಸರಿಮಾಡುವ ದಾರಿ: ಒಂದೇ ಬಗೆಯ ಕೆಲಸದವರನ್ನು ಒಂದು ಸುತ್ತಿನಲ್ಲಿ ಇಡುವುದು. ಈ ಮೂರು ತಿಂಗಳು ಆರೋಗ್ಯ, ಮುಂದಿನ ಮೂರು ತಿಂಗಳು ಓದು, ಆಮೇಲೆ ಪ್ರಾಣಿಗಳು, ಕೆರೆ, ಗಿಡಮರ. ವಿಷಯವನ್ನು ಅಂಗಡಿ ಆರಿಸುತ್ತದೆ, ಸಂಸ್ಥೆಯನ್ನು ಗಿರಾಕಿ ಆರಿಸುತ್ತಾರೆ. ಹೀಗೆ ಮಾಡಿದರೆ ಹೋಲಿಕೆಯೂ ನ್ಯಾಯವಾಗುತ್ತದೆ. ಮೂರು ಹಾಸ್ಪಿಸ್‌ಗಳ, ಅಂದರೆ ಕರುಣಾಶ್ರಯದಂಥ ಆಶ್ರಯಧಾಮಗಳ, ನಡುವೆ ಆರಿಸುವವರು ಯಾರು ಎಷ್ಟು ಹಾಸಿಗೆ ನಡೆಸುತ್ತಾರೆ, ಮನೆಗೆ ಹೋಗಿ ನೋಡುತ್ತಾರಾ ಅಂತ ಕೇಳುತ್ತಾರೆ. ಮೂರು ಬೇರೆ ಬೇರೆ ನೋವುಗಳ ನಡುವೆ ಆರಿಸು ಅಂದರೆ ಯಾರ ನೋವು ದೊಡ್ಡದು ಅಂತ ಕೇಳಿದಂತಾಗುತ್ತದೆ. ಅದು ಕೇಳಬಾರದ ಪ್ರಶ್ನೆ.

ಎಷ್ಟು ಹೆಸರು? ಮೂರು ಸಾಕು. ಐದಾದರೆ ಓದುವುದಿಲ್ಲ, ಎರಡಾದರೆ ಜಿದ್ದಿಗೆ ಬೀಳುತ್ತದೆ.

ಪಟ್ಟಿಗೆ ಹಾಕುವ ಮುಂಚೆ ಅಲ್ಲಿಗೆ ಹೋಗಿ ಬನ್ನಿ. ಕಾಗದ ನೋಡುವುದು ಮನೆಯಲ್ಲೇ ಆಗುತ್ತದೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲಿನಲ್ಲಿ ಹೆಸರು ಇದೆಯಾ, ಆದಾಯ ತೆರಿಗೆ ಇಲಾಖೆಯ 12ಎಬಿ ನೋಂದಣಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ ಅನುಮತಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಇದೆಯಾ, ಅವುಗಳ ಅವಧಿ ಮುಗಿದಿಲ್ಲವಾ ನೋಡಿ. 2021ರ ನಂತರ ಈ ನೋಂದಣಿಗಳನ್ನು ಕಾಲಕಾಲಕ್ಕೆ ನವೀಕರಿಸಬೇಕು, ಆದ್ದರಿಂದ ಹಳೆ ಪತ್ರ ನಂಬಿ ಕೂರಬೇಡಿ. ಆದರೆ ಕಾಗದ ಸರಿ ಇದ್ದ ಮಾತ್ರಕ್ಕೆ ಕೆಲಸ ಸರಿ ಇದೆ ಅಂತಲ್ಲ. ಹೋದಾಗ ಒಂದೇ ಪ್ರಶ್ನೆ ಕೇಳಿ: “ನಾವು 10,000 ಕೊಟ್ಟರೆ ಏನಕ್ಕೆ ಹೋಗುತ್ತೆ?” ನೇರ ಉತ್ತರ ಕೊಡುವವರನ್ನು ನಂಬಬಹುದು.

ಆ ಉತ್ತರ “ಸಂಬಳಕ್ಕೆ” ಅಂತ ಇದ್ದರೂ ಬೇಜಾರಾಗಬೇಡಿ. ದಾನದ ದುಡ್ಡು ಸಂಬಳಕ್ಕೆ ಹೋಗಬಾರದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ರೋಗಿಯ ಹಾಸಿಗೆ ಪಕ್ಕ ರಾತ್ರಿಯಿಡೀ ಎದ್ದಿರುವ ನರ್ಸಿನ ಸಂಬಳವೇ ಅಲ್ಲಿನ ಸೇವೆ. ಅದನ್ನು ಬಿಟ್ಟು ಬೇರೆ ಸೇವೆ ಎಲ್ಲಿದೆ? ಇದನ್ನು ಡಬ್ಬದ ಮೇಲಿನ ಚೀಟಿಯಲ್ಲೇ ಬರೆಯಿರಿ. ಗಿರಾಕಿಗಳಿಗೆ ಅರ್ಥವಾಗುತ್ತದೆ.

ಸಂಸ್ಥೆಯ ಒಪ್ಪಿಗೆ ಇಲ್ಲದೆ ಅವರ ಹೆಸರು, ಲಾಂಛನ ಬಳಸಬೇಡಿ. ಮಕ್ಕಳ, ರೋಗಿಗಳ ಫೋಟೋ ಅವರೇ ಕೊಟ್ಟರೂ ಅಂಟಿಸಬೇಡಿ. ಅವರ ಕಷ್ಟದ ಮುಖ ನಮ್ಮ ಕೌಂಟರಿಗೆ ಬೇಡ.

ಓಟು: ಬೀಜ, ಚೀಟಿ, ವಾಟ್ಸಾಪ್

ವಾಟ್ಸಾಪ್ ಪೋಲ್ ಎಲ್ಲಕ್ಕಿಂತ ಸುಲಭ. ಐದು ನಿಮಿಷದ ಕೆಲಸ, ಎಣಿಕೆ ತಾನೇ ಆಗುತ್ತದೆ. ಆದರೆ ಗ್ರೂಪಿನಲ್ಲಿ ಹಾಕಿದ ಪೋಲ್‌ನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ. ಎಲ್ಲರ ನಂಬರೂ ಎಲ್ಲರಿಗೂ ಸಿಗುತ್ತದೆ. ಕಾಫಿಪುಡಿ ಕೊಳ್ಳಲು ಬಂದವರು ಅದಕ್ಕೆ ಒಪ್ಪಿರುವುದಿಲ್ಲ, ಅಲ್ವಾ? ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಅಂಗಡಿಗೆ ಬರುವವರೆಲ್ಲ ಆ ಗ್ರೂಪಿನಲ್ಲಿ ಇರುವುದಿಲ್ಲ. ಮನೆಕೆಲಸದವರು, ಡ್ರೈವರುಗಳು, ಸಾದಾ ಫೋನಿನ ಅಜ್ಜಂದಿರು ಹೊರಗೇ ಉಳಿಯುತ್ತಾರೆ. ಪುಡಿ ಕೊಂಡೊಯ್ಯಲು ಬಂದವರಿಗೆ ಓಟು ಇರಬೇಕು. ಮನೆಯಲ್ಲಿ ಕೂತು ಕಾಫಿ ಕುಡಿಯುವವರಿಗೆ ಮಾತ್ರ ಓಟು ಅಂದರೆ ನ್ಯಾಯವಲ್ಲ.

ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಿಡುವ ಓಟು ಇನ್ನೂ ಅಪಾಯ. 2010ರಲ್ಲಿ ಅಮೆರಿಕದಲ್ಲಿ ಪೆಪ್ಸಿ ಕಂಪನಿ ಯಾವ ಒಳ್ಳೆ ಕೆಲಸಕ್ಕೆ ದುಡ್ಡು ಕೊಡಬೇಕು ಅಂತ ಜನರಿಂದ ಆನ್‌ಲೈನ್ ಓಟು ಹಾಕಿಸಿತು. ಮೋಸದ ಓಟಿನ ದೂರುಗಳು ಎದ್ದವು. ಅಷ್ಟು ದೊಡ್ಡ ಕಂಪನಿಗೇ ಅದನ್ನು ನಿಭಾಯಿಸುವುದು ಕಷ್ಟವಾಯಿತು ಅಂದಮೇಲೆ ನಮಗೆ ಯಾಕೆ? ಅಂಥ ಕಡೆ ಗೆಲ್ಲುವುದು ಹೆಚ್ಚು ಜನರನ್ನು ಫೋನ್ ಮಾಡಿ ಎಬ್ಬಿಸುವ ಶಕ್ತಿ ಇರುವ ಸಂಸ್ಥೆ. ಸಣ್ಣ ಸಂಸ್ಥೆಯವರು ರೋಗಿಗಳನ್ನು ನೋಡಿಕೊಳ್ಳಬೇಕಾ, ಓಟು ಕೇಳುತ್ತಾ ಕೂರಬೇಕಾ?

ಚೀಟಿ ಬರೆದು ಪೆಟ್ಟಿಗೆಗೆ ಹಾಕಿಸುವುದು ಪುಸ್ತಕದಂಗಡಿಗೆ, ಟೈಲರ್ ಅಂಗಡಿಗೆ ಹೊಂದುತ್ತದೆ. ಯಾಕೆ ಈ ಸಂಸ್ಥೆ ಅಂತ ಒಂದು ಸಾಲು ಬರೆಯಲು ಜಾಗ ಕೊಟ್ಟರೆ ಒಳ್ಳೊಳ್ಳೆಯ ಮಾತು ಬರುತ್ತವೆ. ಓದು ಬರಹ ಕಷ್ಟವಾದವರಿಗೆ ಮಾತ್ರ ಇದು ಅಡ್ಡಿ.

ನನಗೆ ಅತಿ ಇಷ್ಟ ಕೌಂಟರಿನಲ್ಲೇ ಕೈಗೆ ಒಂದು ಬಿಲ್ಲೆ ಕೊಟ್ಟು ಡಬ್ಬಕ್ಕೆ ಹಾಕಿಸುವುದು. ಬ್ರಿಟನ್ನಿನ ವೇಟ್‌ರೋಸ್ ಅಂಗಡಿಗಳು 2008ರಲ್ಲಿ ಇದನ್ನು ಶುರು ಮಾಡಿದವು. ಬಿಲ್ ಕೊಟ್ಟವರ ಕೈಗೆ ಒಂದು ಹಸಿರು ಬಿಲ್ಲೆ, ಬಾಗಿಲ ಹತ್ತಿರ ಮೂರು ಸಂಸ್ಥೆಗಳ ಪೆಟ್ಟಿಗೆ. ನಮ್ಮಂಥವರಿಗೆ ಬಿಲ್ಲೆಯ ಖರ್ಚೂ ಬೇಡ, ಕಾಫಿ ಬೀಜವೇ ಇದೆ. ಹುರಿದ ಬೀಜಕ್ಕಿಂತ ಹುರಿಯದ ಬೀಜ ವಾಸಿ. ಗಟ್ಟಿ ಇರುತ್ತದೆ, ಎಣ್ಣೆ ಬಿಡುವುದಿಲ್ಲ, ಎಣಿಸುವಾಗ ಪುಡಿಯಾಗುವುದಿಲ್ಲ. ಬೇಕರಿಯವರು ಅಂಗಿಯ ಗುಂಡಿ ಬಳಸಬಹುದು, ಕಿರಾಣಿಯವರು ಹುಣಸೆ ಬೀಜ ಬಳಸಬಹುದು. ಮಕ್ಕಳು ಅಪ್ಪನ ಕೈಯಿಂದ ಬೀಜ ಕಸಿದುಕೊಂಡು ತಾವೇ ಹಾಕುತ್ತಾರೆ. ಹಾಗೆ ಹಾಕುವಾಗ “ಇದು ಯಾರಿಗೆ ಅಪ್ಪಾ?” ಅಂತ ಕೇಳುತ್ತಾರೆ. ಯಾವ ಆ್ಯಪ್‌ನಲ್ಲೂ ಈ ಮಾತುಕತೆ ಹುಟ್ಟುವುದಿಲ್ಲ.

ಇಲ್ಲಿ ಕೆಲವು ಸಣ್ಣ ತೀರ್ಮಾನಗಳಿವೆ. ಫಲಿತಾಂಶ ಬದಲಾಗುವುದೇ ಇವುಗಳಿಂದ. ಒಂದು ಬಿಲ್ಲಿಗೆ ಒಂದು ಬೀಜವಾ, ಕೆಜಿಗೆ ಒಂದಾ? ಕೆಜಿ ಲೆಕ್ಕ ಹಿಡಿದರೆ ದಿನಾ ಹತ್ತಾರು ಕೆಜಿ ಒಯ್ಯುವ ಹೋಟೆಲಿನವರು, ಅಡುಗೆ ಕಂಟ್ರಾಕ್ಟರುಗಳು ಸೇರಿ ಎಲ್ಲವನ್ನೂ ತೀರ್ಮಾನಿಸಿಬಿಡುತ್ತಾರೆ. ಅವರ ಪುಡಿಯಿಂದಲೇ ದಾನದ ಮೊತ್ತ ಜಾಸ್ತಿ ಆಗುವುದು ನಿಜ. ಆದರೂ ಬಿಲ್ಲಿಗೆ ಒಂದು ಅನ್ನುವುದೇ ಸರಿ. ಕಾಲು ಕೆಜಿ ಕೊಳ್ಳುವ ಅಜ್ಜಿಯದೂ ಒಂದೇ ಓಟು, ಹೋಟೆಲಿನವರದೂ ಒಂದೇ ಓಟು.

ಗಾಜಿನ ಜಾಡಿಯಾ, ಮುಚ್ಚಿದ ಡಬ್ಬವಾ? ಗಾಜು ನೋಡಲು ಚೆಂದ, ಬೀಜ ಏರುವುದು ಕಾಣುತ್ತದೆ. ಆದರೆ ಮುಂದಿರುವುದಕ್ಕೇ ಎಲ್ಲರೂ ಹಾಕಲು ಶುರು ಮಾಡುತ್ತಾರೆ, ಇಲ್ಲವೇ ಪಾಪ ಅಂತ ಹಿಂದಿರುವುದಕ್ಕೆ. ಎರಡೂ ನಿಜವಾದ ಆಯ್ಕೆಯಲ್ಲ. ಸೀಳು ಇರುವ ಟಿನ್ ಡಬ್ಬ ಇಟ್ಟು, ತಿಂಗಳಿಗೊಮ್ಮೆ ಎಣಿಸಿ ಬೋರ್ಡಿನಲ್ಲಿ ಬರೆಯುವುದು ಒಳ್ಳೆಯದು. ಡಬ್ಬಗಳ ಜಾಗವನ್ನು ವಾರಕ್ಕೊಮ್ಮೆ ಅದಲುಬದಲು ಮಾಡಿ. ಕೈಗೆ ಹತ್ತಿರ ಇರುವುದಕ್ಕೆ ಸುಮ್ನೆ ಹಾಕಿ ಹೋಗುವವರು ಇದ್ದೇ ಇರುತ್ತಾರೆ. ಎಣಿಸುವಾಗ ಅಂಗಡಿಯವರಲ್ಲದ ಒಬ್ಬರು ಪಕ್ಕದಲ್ಲಿರಲಿ. ಯಾರಾದರೂ ಹಳೆ ಗಿರಾಕಿಯನ್ನು ಕೇಳಿ, ಖುಷಿಯಿಂದ ಬರುತ್ತಾರೆ.

ಗೆದ್ದವರಿಗೇ ಎಲ್ಲವೂ, ಅಥವಾ ಎಲ್ಲರಿಗೂ ಪಾಲು?

ಗೆದ್ದವರಿಗೆ ಪೂರ್ತಿ ಕೊಡುವುದರಲ್ಲಿ ಒಂದು ಬಿಗಿ ಇದೆ. ಮೊತ್ತ ದೊಡ್ಡದಾಗಿ ಒಂದೇ ಕಡೆ ಹೋಗುತ್ತದೆ, ಒಂದು ಕೆಲಸ ಪೂರ್ತಿಯಾಗುತ್ತದೆ. ಆದರೆ ನಾಲ್ಕು ಬೀಜ ಕಡಿಮೆ ಬಿದ್ದ ಸಂಸ್ಥೆ ಬರಿಗೈಯಲ್ಲಿ ಹೋಗುತ್ತದೆ. ಅವರು ತಮ್ಮ ಹೆಸರನ್ನು ಮೂರು ತಿಂಗಳು ನಮ್ಮ ಅಂಗಡಿಗೆ ಕೊಟ್ಟಿರುತ್ತಾರೆ, ನಾವು ಹೋದಾಗ ಕೆಲಸ ಬಿಟ್ಟು ಎಲ್ಲ ತೋರಿಸಿರುತ್ತಾರೆ. ಅವರಿಗೆ ಏನೂ ಇಲ್ಲ ಅನ್ನುವುದು ನನಗೆ ಒಪ್ಪಿಗೆಯಲ್ಲ. ವೇಟ್‌ರೋಸ್‌ನಲ್ಲಿ ಬಿಲ್ಲೆಗಳ ಪ್ರಮಾಣದಂತೆ ದುಡ್ಡನ್ನು ಮೂವರಿಗೂ ಹಂಚುತ್ತಿದ್ದರು.

ನನಗೆ ಸರಿ ಕಾಣುವುದು ಈ ಎರಡನ್ನೂ ಸೇರಿಸಿದ ಲೆಕ್ಕ. 10,000 ರೂಪಾಯಿ ಇದೆ ಅಂದುಕೊಳ್ಳಿ. ಮೂವರಿಗೂ ತಲಾ 2,000 ಖಾತ್ರಿ. ಉಳಿದ 4,000 ಮಾತ್ರ ಬೀಜದ ಲೆಕ್ಕಕ್ಕೆ. 520 ಬೀಜದಲ್ಲಿ ಒಬ್ಬರಿಗೆ 260, ಇನ್ನೊಬ್ಬರಿಗೆ 156, ಮತ್ತೊಬ್ಬರಿಗೆ 104 ಬಿದ್ದರೆ 4,000ದಲ್ಲಿ 2,000, 1,200, 800 ಅಂತ ಆಗುತ್ತದೆ. ಒಟ್ಟು 4,000, 3,200, 2,800. ಗಿರಾಕಿಯ ಪ್ರತಿ ಬೀಜಕ್ಕೂ ಬೆಲೆ ಇದೆ, ಯಾರೂ ಸೋಲುವುದಿಲ್ಲ. ಮೊತ್ತ ತೀರಾ ಚಿಕ್ಕದು, 3,000ಕ್ಕಿಂತ ಕಡಿಮೆ ಅಂದರೆ ಮಾತ್ರ ಒಂದೇ ಕಡೆ ಕೊಡಿ. ಚೂರುಚೂರು ಮಾಡಿದರೆ ಯಾರಿಗೂ ಉಪಯೋಗವಿಲ್ಲ.

ಒಂದು ಸಂದರ್ಭಕ್ಕೆ ಓಟೇ ಬೇಡ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಮರುವರ್ಷ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ, ಡಬ್ಬ ಇಟ್ಟು ಮೂರು ತಿಂಗಳು ಕಾಯುವ ಹಾಗಿರಲಿಲ್ಲ. ನಮ್ಮ ಬೀಜ ಬರುವುದೇ ಕೊಡಗು, ಚಿಕ್ಕಮಗಳೂರಿನ ತೋಟಗಳಿಂದ. ಅಂಥ ಹೊತ್ತಿನಲ್ಲಿ ಆ ಸುತ್ತಿನ ದುಡ್ಡನ್ನು ನೇರವಾಗಿ ಪರಿಹಾರಕ್ಕೆ ಕೊಡುತ್ತೇವೆ ಅಂತ ಮೊದಲ ದಿನವೇ ನಿಯಮದಲ್ಲಿ ಬರೆದಿಡಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟರೆ ಹಳೆ ತೆರಿಗೆ ಪದ್ಧತಿಯಲ್ಲಿ ಪೂರ್ತಿ ನೂರಕ್ಕೆ ನೂರು ಕಡಿತ ಸಿಗುತ್ತದೆ.

ರಸೀದಿ, ತೆರಿಗೆ

ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟ ದಾನದಲ್ಲಿ ಅರ್ಧ ಭಾಗ 80ಜಿ ಪ್ರಕಾರ ಆದಾಯದಿಂದ ಕಳೆಯುತ್ತದೆ, ಅದಕ್ಕೂ ಆದಾಯದ ಹತ್ತರಲ್ಲಿ ಒಂದು ಪಾಲಿನ ಮಿತಿ ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಿಗುವುದಿಲ್ಲ, ಆದ್ದರಿಂದ ಬ್ಯಾಂಕ್ ಮೂಲಕವೇ ಕೊಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವ ಅಂಗಡಿ ಮಾಲೀಕರಿಗೆ ಈ ರಿಯಾಯಿತಿ ಇಲ್ಲವೇ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಸೆಕ್ಷನ್ ನಂಬರುಗಳೂ ಬೇರೆ, ಆದರೂ ಮಾತಿನಲ್ಲಿ ಎಲ್ಲರೂ 80ಜಿ ಅಂತಲೇ ಅನ್ನುತ್ತಾರೆ. ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡಬೇಕು ಅನ್ನುವ ಸಿಎಸ್‌ಆರ್ ನಿಯಮದ ಭಯ ನಮಗೆ ಬೇಡ. 2013ರ ಕಂಪನಿ ಕಾಯ್ದೆಯಲ್ಲಿ ಅದು ಬರುವುದು 500 ಕೋಟಿ ನಿವ್ವಳ ಮೌಲ್ಯ (ಸಾಲ ಕಳೆದು ಉಳಿಯುವ ಆಸ್ತಿ), 1,000 ಕೋಟಿ ವಹಿವಾಟು ಅಥವಾ 5 ಕೋಟಿ ಲಾಭ ಇರುವವರಿಗೆ.

ಹೊರದೇಶದಲ್ಲಿರುವ ಹಳೆ ಗಿರಾಕಿಗಳು “ನಮ್ಮದೂ ಒಂದಿಷ್ಟು ಸೇರಿಸಿ” ಅಂತ ಕೇಳುವುದುಂಟು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಉಳಿತಾಯದಿಂದ ಕೊಟ್ಟರೆ ತೊಡಕಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ದುಡ್ಡು, ಅವರ ಬಳಿ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯ ಕಾಯ್ದೆಗೆ (ಎಫ್‌ಸಿಆರ್‌ಎ) ಬರುತ್ತದೆ. ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೆ ಅವರೇ ನೇರವಾಗಿ ಕಳಿಸಲಿ. ಅಂಗಡಿಯ ಖಾತೆಗೆ ಹಾಕಿಸಿಕೊಳ್ಳಬೇಡಿ.

ದುಡ್ಡು ಕಳಿಸಿದ ವಾರದೊಳಗೆ ಮೂರೂ ರಸೀದಿಗಳ ಪ್ರತಿಯನ್ನು ಡಬ್ಬ ಇದ್ದ ಜಾಗದಲ್ಲೇ ಅಂಟಿಸಿ. ಪಕ್ಕದಲ್ಲಿ ಎಷ್ಟು ಕೆಜಿ ಮಾರಿದೆವು, ಎಷ್ಟು ಬೀಜ ಬಿತ್ತು, ಯಾರಿಗೆ ಎಷ್ಟು ಅಂತ ಕೈಯಲ್ಲಿ ಬರೆದ ಒಂದು ಹಾಳೆ ಇರಲಿ.

ಶುರು ಮಾಡಲು ಒಳ್ಳೆಯ ಹೊತ್ತು ಅಕ್ಟೋಬರ್ 2ರ ವಾರ. 2009ರಿಂದ ದೇಶದಲ್ಲಿ ಆ ವಾರವನ್ನು ದಾನ ಉತ್ಸವವಾಗಿ ನಡೆಸುತ್ತಾ ಬಂದಿದ್ದಾರೆ, ಸಂಸ್ಥೆಗಳವರೂ ಅಂಗಡಿಗೆ ಬಂದು ಮಾತಾಡಲು ತಯಾರಿರುತ್ತಾರೆ. ಸೆಪ್ಟೆಂಬರಿನಲ್ಲಿ ಹೆಸರುಗಳನ್ನು ಕೇಳಿ, ಹೋಗಿ ನೋಡಿ ಬನ್ನಿ. ಅಕ್ಟೋಬರಿನಿಂದ ಡಿಸೆಂಬರ್ ಕೊನೆವರೆಗೆ ಡಬ್ಬ ಇಡಿ. ಜನವರಿ ಮೊದಲ ಭಾನುವಾರ ಎಣಿಸಿ, ಸಂಕ್ರಾಂತಿಯೊಳಗೆ ದುಡ್ಡು ಕಳಿಸಿ. ಮುಂದಿನ ಸುತ್ತಿನ ವಿಷಯ ಹೇಳಿ, ಸಂಸ್ಥೆಗಳ ಹೆಸರು ಕೇಳುವ ಚೀಟಿಯನ್ನೂ ಅವತ್ತೇ ಹಚ್ಚಬಹುದು.